ಹಾವೇರಿ ಸಾರ್‌ಗೆ ಓಟು ಬಂದದ್ದು

ಇನ್ನೊಬ್ಬರ ಮನೆಯ ಒಲೆ ಹೊಗೆಯಾಡುತ್ತಿದ್ದರೆ ಅದಕ್ಕೆ ಸಲಹೆ ಕೊಡುವಷ್ಟು ಸುಖ ಬೇರೊಂದಿಲ್ಲ. ಹೊಗೆ ನಮ್ಮ ಕಣ್ಣಿಗೆ ಬರುವುದಿಲ್ಲ ನೋಡಿ. ನನಗೆ ಈ ಸುಖ ಅಮೆರಿಕದಿಂದ ಒದಗುತ್ತಿತ್ತು. ಅಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ಇಲ್ಲಿ ಕೆಜಿಎಫ್‌ನಲ್ಲಿ ನನಗೆ ಕೈತುಂಬ ಕೆಲಸ. ಯಾವ ರಾಜ್ಯ ಯಾರ ಕಡೆ, ಅಂಚೆಯಲ್ಲಿ ಬಂದ ಓಟನ್ನು ಯಾವಾಗ ಎಣಿಸುತ್ತಾರೆ, ಹೆಚ್ಚು ಓಟು ಪಡೆದವರೂ ಸೋಲುವುದು ಹೇಗೆ ಎಂಬುದನ್ನೆಲ್ಲ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಡ್ಲಿ ಮುರಿದು ಮುರಿದು ವಿವರಿಸುತ್ತಿದ್ದೆ. ಹೋದ ಸಲ ಎಣಿಕೆಯ ದಿನ ರಜೆ ಹಾಕಿ, ಬೆಳಗ್ಗೆಯೇ ತಲೆಗೆ ಸ್ನಾನ ಮಾಡಿ, ಹಬ್ಬಕ್ಕೆ ಕೂತವನಂತೆ ಟೀವಿ ಮುಂದೆ ಕೂತಿದ್ದೆ.

ಹೆಂಡತಿ ಗಿರಿಜಾ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಾಗಿಲಲ್ಲಿ ಪಕ್ಕದ ಮನೆಯ ಮುನಿಯಮ್ಮ ಸೊಪ್ಪಿನ ಕಂತೆ ಹಿಡಿದು ನಿಂತಿದ್ದಳು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ನಂದಿದುರ್ಗ ಗಣಿಯ ಹಳೆಯ ಸಾಲುಮನೆಗಳ ನಮ್ಮ ಲೈನಿಗೆ ಬಂದು, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಲೇ ಅಜ್ಜಿಯಾದವಳು. ಇಬ್ಬರೂ ಸಿಕ್ಕಿದ್ದರಿಂದ ನನಗೆ ಹುರುಪು ಬಂತು. "ನೋಡಿ, ಅಲ್ಲಿ ಎಷ್ಟೋ ಜನ ಓಟೇ ಹಾಕೋದಿಲ್ಲವಂತೆ. ಎಂಥ ಬೇಜವಾಬ್ದಾರಿ! ಅಂಥ ದೊಡ್ಡ ದೇಶದ ಪ್ರಜೆಗಳಾಗಿ ಮನೇಲಿ ಕೂತಿರ್ತಾರಲ್ಲ, ನಾಚಿಕೆ ಬೇಡವೆ?" ಎಂದೆ.

ಮುನಿಯಮ್ಮ ಟೀವಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. "ಅದಿರ್ಲಿ ಆವೇರಿ ಸಾರ್, ನೀನು ಓಟಾಕಿದ್ದು ನಾನು ಒಂದ್ ದಪಾನೂ ನೋಡಿಲ್ವಲ್ಲಾ?" ಎಂದಳು.

ಗಿರಿಜಾ ಅವರೆಕಾಯಿ ಬಿಟ್ಟು ತಲೆಯೆತ್ತಿದಳು. ಅವಳದು ನಮ್ಮ ಹಾವೇರಿಯದೇ ಮಾತು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಖಾರ ಕಡಿಮೆಯಾಗಿಲ್ಲ. "ಹೌದಲ್ರೀ! ನಾ ಪ್ರತಿ ಸಲ ಹಾಕಿ ಬರ್ತೇನಿ, ನೀವು ರಜಾ ಅಂತ ಮಲಗಿರ್ತೀರಿ. ಇನ್ನ ಮ್ಯಾಲೆ ಓಟಿಲ್ಲದವ್ರಿಗೆ ಈ ಮನ್ಯಾಗ ರಾಜಕೀಯದ ಮಾತಿಲ್ಲ," ಎಂದು ರಿಮೋಟನ್ನು ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬಕ್ಕೆ ಹಾಕಿ ಮುಚ್ಚಿದಳು. ಮಾತಿನಿಂದಲೇ ಬದುಕುವ ನನ್ನಂಥವನಿಗೆ ಇದಕ್ಕಿಂತ ಘೋರ ಶಿಕ್ಷೆಯಿಲ್ಲ. ಅಂದಿನಿಂದ ಊಟದ ಹೊತ್ತಿಗೆ ನಾನು ಸಾರಿನ ಉಪ್ಪಿನ ಬಗ್ಗೆ ಮಾತ್ರ ಅಭಿಪ್ರಾಯ ಹೇಳಬಹುದಾಗಿತ್ತು.

ನನಗೆ ಓಟಿರಲಿಲ್ಲ ಎಂದಲ್ಲ, ಅದು ಹಾವೇರಿಯಲ್ಲಿದೆ ಎಂದುಕೊಂಡಿದ್ದೆ. ಕಾರ್ಖಾನೆಯ ಕೆಲಸಕ್ಕೆ ಇಲ್ಲಿಗೆ ಬಂದವರೆಲ್ಲರದೂ ಒಂದೇ ಚಾಳಿ. ಬೀದರಿನವರು ಬೀದರಿನವರೇ, ಕಾರವಾರದವರು ಕಾರವಾರದವರೇ. ರೇಷನ್ ಕಾರ್ಡು ಇಲ್ಲಿ, ಗ್ಯಾಸು ಇಲ್ಲಿ, ಸಂಬಳ ಇಲ್ಲಿ. ಊರು ಮಾತ್ರ ಬೇರೆ. ಓಟರ್ ಲಿಸ್ಟಿಗೆ ಹೆಸರು ಬರೆಯಲು ಮನೆಮನೆಗೆ ಬರುತ್ತಿದ್ದವರು ಅಂಗನವಾಡಿಯ ಸೆಲ್ವಿ ಟೀಚರ್. ಅವರು "ಸಾರ್, ನಿಮ್ದು ಯಾವ ಊರು?" ಎಂದ ಕೂಡಲೇ ನಾನು ಎದೆಯುಬ್ಬಿಸಿ "ಹಾವೇರಿ" ಎನ್ನುತ್ತಿದ್ದೆ. ಅವರು ಮೊದಲ ವರ್ಷವೇ ಇಲ್ಲಿಯವಳೆಂದು ಬರೆಸಿದ್ದ ಗಿರಿಜಾಳ ಹೆಸರಿನ ಮುಂದೆ ಗುರುತು ಹಾಕಿಕೊಂಡು, ನನಗೊಂದು ನಮಸ್ಕಾರ ಹಾಕಿ ಮುಂದಿನ ಮನೆಗೆ ಹೋಗುತ್ತಿದ್ದರು. ಇದು ವರ್ಷ ವರ್ಷವೂ ನಡೆಯುತ್ತಿತ್ತು.

ರಿಮೋಟು ಅಕ್ಕಿ ಡಬ್ಬ ಸೇರಿದ ಮೇಲೆ ಹಾವೇರಿಯ ಅಣ್ಣನಿಗೆ ಫೋನು ಮಾಡಿದೆ. "ನನ್ನ ಹೆಸರು ಅಲ್ಲಿ ಲಿಸ್ಟಿನಲ್ಲಿ ಐತಲ್ಲಣ್ಣ?" ಅಣ್ಣ ನಕ್ಕ. "ನಿನ್ನ ಹೆಸರು ತಗದು ಯಾವ ಕಾಲ ಆತೋ! ಲಿಸ್ಟಿನವ್ರು ಬಂದು ಕೇಳಿದ್ರು, ತಮ್ಮ ಕೆಜಿಎಫ್‌ದಾಗ ಅದಾನ ಅಂದೆ. ಸುಳ್ಳು ಹೇಳ್ಲೇನು?" ಫೋನಿಟ್ಟ ಮೇಲೆ ನನಗೆ ನಿಜಕ್ಕೂ ಎದೆ ಖಾಲಿಯಾದಂತಾಯಿತು. ಅಲ್ಲಿಯವರು ನನ್ನನ್ನು ಇಲ್ಲಿಯವನೆಂದು ಕಳಿಸಿದ್ದರು, ಇಲ್ಲಿಯವರು ಅಲ್ಲಿಯವನೆಂದು ಬಿಟ್ಟಿದ್ದರು. ನಾನು ಬೈಯುತ್ತಿದ್ದ ಅಮೆರಿಕದವರೇ ವಾಸಿ. ಓಟು ಹಾಕದೆ ಮನೆಯಲ್ಲಿ ಕೂರುವುದಕ್ಕಾದರೂ ಮೊದಲು ಓಟು ಇರಬೇಕಲ್ಲ!

ಸೆಲ್ವಿ ಟೀಚರನ್ನು ಹುಡುಕಿಕೊಂಡು ಅಂಗನವಾಡಿಗೇ ಹೋದೆ. ಅವರು ಅರ್ಜಿ ತೆಗೆದು, "ಊರು ಸಾರ್?" ಎಂದರು. ನಾಲಗೆ ಹಳೆಯ ಎತ್ತಿನಂತೆ ತಾನೇ ಆ ದಾರಿ ಹಿಡಿದು "ಹಾವೇ..." ಎಂದುಬಿಟ್ಟಿತು. ಮೊಮ್ಮಗಳನ್ನು ಬಿಡಲು ಬಂದಿದ್ದ ಮುನಿಯಮ್ಮ ಅಲ್ಲೇ ಇದ್ದಳು. "ನಾನು ತಾಳಿ ಕಟ್ಟುಸ್ಕೊಂಡು ಇಲ್ಗೆ ಬಂದೆ ನೋಡು, ಒಂದೇ ದಿನ್ದಾಗೆ ಇದೇ ನಿನ್ನೂರು ಅಂದ್ರು. ಉಟ್ಟಿದೂರ್ನ ಬಿಟ್ಟು ಊಂ ಅಂದೆ. ನಿಂಗೆ ಇಪ್ಪತ್ತೆರಡು ವರ್ಸ ಸಾಲ್ದೇನಪ್ಪಾ?" ಎಂದಳು. ಹೆಂಗಸರಿಗೆ ಒಂದು ದಿನ ಕೊಟ್ಟು ಗಂಡಸರಿಗೆ ಒಂದು ಆಯುಷ್ಯ ಕೊಟ್ಟವರು ಯಾರೋ! ಸಣ್ಣ ದನಿಯಲ್ಲಿ "ಕೆಜಿಎಫ್ ಅಂತ ಬರ್ಕೊಳ್ಳಿ ಟೀಚರ್," ಎಂದೆ.

ಮುಂದಿನ ಚುನಾವಣೆ ಬರುವವರೆಗೂ ಆ ಕೆಲವು ತಿಂಗಳು ಬಾಯಿ ಬಿಗಿಹಿಡಿದು ಕಾದೆ. ಆ ದಿನ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಸರ್ಕಾರಿ ಶಾಲೆಯ ಸಾಲಿನಲ್ಲಿ ನಿಂತೆ. ಮದುಮಗನಂತೆ ಎರಡೆರಡು ಸಲ ಕಾಲರು ಸರಿಮಾಡಿಕೊಂಡೆ. ಒಳಗೆ ಅಧಿಕಾರಿ ಚೀಟಿ ನೋಡಿ "ಬಸವರಾಜ" ಎಂದು ಗಟ್ಟಿಯಾಗಿ ಕೂಗಿದರು. ಅಷ್ಟರಲ್ಲಿ ಪಕ್ಷಗಳ ಏಜೆಂಟರ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸಾರ್, ಇವ್ರು ಹಾವೇರಿಯೋರು. ಲೈನ್‌ಗೆಲ್ಲಾ ಗೊತ್ತು, ಹಾವೇರಿ ಸಾರ್ ಅಂತಾನೇ ಕರೆಯೋದು. ನಮ್ಮೂರೋರಲ್ಲ, ಇವ್ರಿಗಿಲ್ಲಿ ಓಟೆಂಗೆ?"

ಹಿರಿಯ ಅಧಿಕಾರಿ ನನ್ನತ್ತ ತಿರುಗಿ "ಇಲ್ಲಿಯವರೇ ತಾನೇ ನೀವು?" ಎಂದರು. ಅಮೆರಿಕದ ಐವತ್ತು ರಾಜ್ಯಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದ ಬಾಯಿ ಒಣಗಿ ಹೋಯಿತು. ಇಪ್ಪತ್ತೆರಡು ವರ್ಷ ನಾನೇ ಸಾರಿಕೊಂಡು ಬಂದ ಸುದ್ದಿಯನ್ನು ಆತ ನನಗೇ ಒಪ್ಪಿಸುತ್ತಿದ್ದ. ಆಗ ಬಾಗಿಲ ಬಳಿಯ ಹೆಂಗಸರ ಸಾಲಿನಿಂದ ಮುನಿಯಮ್ಮನ ದನಿ ಎದ್ದಿತು. "ಯಾವನ್ಲಾ ಅವ್ನು ನಮ್ಮೂರೋನಲ್ಲ ಅಂದೋನು? ಇಪ್ಪತ್ತೆರಡು ವರ್ಸದಿಂದ ನಮ್ ನಲ್ಲಿ ತಾವ ಕೊಡ ಇಟ್ಕೊಂಡು ಜಗಳ ಆಡ್ತಾವ್ನೆ! ಬ್ಯಾರೆ ಊರೋನು ಬಂದು ಇಲ್ಲಿ ಇಷ್ಟು ಜಗಳ ಆಡಕ್ಕಾಯ್ತದೇನ್ಲಾ?"

ಶಾಲೆಯೆಲ್ಲ ಘೊಳ್ಳೆಂದಿತು. ಅಧಿಕಾರಿಯೂ ನಕ್ಕು, ಲಿಸ್ಟಿನ ಫೋಟೋಗೂ ನನ್ನ ಮುಖಕ್ಕೂ ತಾಳೆ ನೋಡಿ, "ಇಷ್ಟು ಸಾಕು, ಬೆರಳು ಕೊಡಿ," ಎಂದರು. ಏಜೆಂಟ್ ಕೂತ. ಶಾಯಿಯ ತಣ್ಣನೆಯ ಗೆರೆ ಉಗುರಿಗೆ ತಾಕಿದಾಗ ಮೈ ಜುಮ್ಮೆಂದಿತು. ಗುಂಡಿ ಒತ್ತಿದೆ. ಯಂತ್ರ ಉದ್ದಕ್ಕೆ ಕೂಗಿತು, ಅದಕ್ಕಿಂತ ಇಂಪಾದ ದನಿಯನ್ನು ನಾನು ಕೇಳಿಯೇ ಇಲ್ಲ ಎನ್ನಿಸಿತು. ಬೆರಳನ್ನು ಎತ್ತಿ ಹಿಡಿದೇ ಮನೆಯವರೆಗೂ ನಡೆದೆ. ದಾರಿಯಲ್ಲಿ ಗುರುತಿಲ್ಲದವರಿಗೂ ಎಡಗೈಯಿಂದಲೇ ನಮಸ್ಕಾರ ಮಾಡಿದೆ. ಗಿರಿಜಾ ಡಬ್ಬದಿಂದ ರಿಮೋಟು ತೆಗೆದು, ಅಕ್ಕಿ ಕೊಡವಿ, ಸೆರಗಲ್ಲಿ ಒರೆಸಿ ಕೈಗಿಟ್ಟಳು. ಗೆದ್ದೆ! ಅಭ್ಯರ್ಥಿಗಳಲ್ಲಿ ಗೆದ್ದವರು ಯಾರೆಂದು ತಿಳಿಯುವ ಮೊದಲೇ ನಾನು ಗೆದ್ದಾಗಿತ್ತು.

ಮಾರನೆಯ ವಾರ ಎಂದಿನಂತೆ ನಲ್ಲಿಯಲ್ಲಿ ನೀರು ಬರಲಿಲ್ಲ. ಖಾಲಿ ಕೊಡ ಹಿಡಿದು ನಿಂತ ನಾನು, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ, "ಥೂ, ನಿಮ್ಮೂರ ಹಣೆಬರಹವೇ ಇಷ್ಟು. ನಮ್ಮ ಹಾವೇರಿಯಲ್ಲಾಗಿದ್ದರೆ..." ಎಂದು ಶುರುಮಾಡಿದೆ. ಮುನಿಯಮ್ಮ ಕೊಡ ಕೆಳಗಿಟ್ಟು ನನ್ನ ಎಡಗೈ ಹಿಡಿದೆತ್ತಿ, ಇನ್ನೂ ಮಾಸದ ಶಾಯಿಯನ್ನು ಎಲ್ಲರಿಗೂ ತೋರಿಸಿದಳು. "ಯಾರೂರು ಸಾರ್?" ಎಂದಳು.

ಬೈಯಲು ನನಗಿದ್ದ ಒಂದೇ ಒಂದು ಊರನ್ನು ನಾನೇ ಗುಂಡಿ ಒತ್ತಿ ಕಳೆದುಕೊಂಡಿದ್ದೆ. ಕೊಡವನ್ನು ಕಂಕುಳಿಗೇರಿಸಿ, ನೀರು ಕೇಳಲು ನಗರಸಭೆಯ ಕಡೆ ಹೊರಟ ಹೆಂಗಸರ ಹಿಂದೆ ನಾನೂ ಹೆಜ್ಜೆ ಹಾಕಿದೆ.