ಮುಖಪುಟದಲ್ಲಿ ಯಾರು?

"ನನ್ನ ಹೊಟ್ಟೆ ಬಗೆದ್ರೂ ಒಂದಕ್ಷರ ಹೊರಗೆ ಬರಲ್ಲ ಕಣೇ," ಎಂದು ಸೋಮವಾರ ಬೆಳಿಗ್ಗೆ ಪ್ರೆಸ್ಸಿನ ಮೇಸ್ತ್ರಿಗಳು ಎದೆಯುಬ್ಬಿಸಿ ಘೋಷಿಸಿದರು.

ಹೆಂಡತಿ ಕೇಳಿದ್ದಿಷ್ಟೇ: ಕಳೆದ ವರ್ಷ ದೊಡ್ಡ ಪತ್ರಿಕೆಯೊಂದು 'ವರ್ಷದ ವ್ಯಕ್ತಿ' ಎಂದು ಆರಿಸಿದ್ದ ಪಾಪ್ ಗಾಯಕಿ ಈ ಸಲವೂ ಗೆಲ್ಲುತ್ತಾಳೋ ಇಲ್ಲವೋ? ಆ ಪತ್ರಿಕೆ ಅಚ್ಚಾಗುವುದು ಗಂಡನ ಪ್ರೆಸ್ಸಿನಲ್ಲಿ. ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

ಗೊತ್ತಿರಲಿಲ್ಲ, ಅದೇ ಗ್ರಹಚಾರ. ಮೇಸ್ತ್ರಿಗಳ ಯಂತ್ರದಲ್ಲಿ ಅಚ್ಚಾಗುತ್ತಿದ್ದದ್ದು ಪದಬಂಧ ಮತ್ತು ಹಲ್ಲುಪುಡಿಯ ಜಾಹೀರಾತು. ಗೆದ್ದವರ ಚಿತ್ರವಿರುವ ಮುಖಪುಟದ ಕೆಲಸ ಬೇರೆಲ್ಲೋ ನಡೆಯುತ್ತಿತ್ತು. ಗಾಯಕಿಯ ಗತಿ ಏನಾಯಿತೆಂದು ತಿಳಿಯಲು ಅವರ ಜೀವವೂ ಚಡಪಡಿಸುತ್ತಿತ್ತು. ಆದರೆ ಇಪ್ಪತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಹೀಗೆ ಕಣ್ಣರಳಿಸಿ ತಮ್ಮನ್ನು ನೋಡಿದ್ದು ಇದೇ ಮೊದಲು. 'ಗೊತ್ತಿಲ್ಲ' ಎಂದು ಆ ನೋಟ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮಂಗಳವಾರ ಹಾಸಿಗೆಗೇ ಕಾಫಿ ಬಂತು. ಬುಧವಾರ ತಟ್ಟೆಗೆ ಒಂದಕ್ಕೆ ಎರಡು ಆಮ್ಲೆಟ್ ಬಿತ್ತು. ಗುರುವಾರ ಎದುರುಮನೆಯ ದರ್ಜಿ ಪ್ಯಾಂಟಿನ ಸೊಂಟ ಪುಕ್ಕಟೆ ಸಡಿಲ ಮಾಡಿಕೊಟ್ಟು, "ಅಣ್ಣಾ, ಆ ಗಾಯಕಿನೇ ತಾನೇ? ಬಾಯಿ ಬಿಡೋದು ಬೇಡ, ಬರೀ ತಲೆ ಆಡ್ಸಿ ಸಾಕು," ಎಂದ. ಮೇಸ್ತ್ರಿಗಳು ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ ಎನ್ನುವ ಹಾಗೆ ಗಂಭೀರವಾಗಿ ತಲೆ ಆಡಿಸಿದರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ಗಾಯಕಿ ಗೆದ್ದಾಯ್ತಂತೆ, ಮೇಸ್ತ್ರಿಗಳೇ ಹೇಳಿದರಂತೆ.

ಭಾನುವಾರ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಪ್ರೆಸ್ಸಿನ ಮ್ಯಾನೇಜರ್ ಸಾಹೇಬರು! ಪತ್ರಿಕೆಯ ಗುಟ್ಟು ಹೊರಗೆ ಬಿಟ್ಟವರಿಗೆ ಕೆಲಸವಿಲ್ಲ ಎಂದು ಪ್ರೆಸ್ಸಿನ ಗೋಡೆಯ ಮೇಲೇ ಬರೆದಿತ್ತು.

"ಏನಪ್ಪಾ ಮೇಸ್ತ್ರಿ, ಎಲ್ಲರ ಬಾಯಲ್ಲೂ ನಿನ್ನ ಹೆಸರೇ. ಗಾಯಕಿ ಗೆದ್ಲು ಅಂದ್ಯಂತೆ?"

ಕೆಲಸ ಉಳಿಯಬೇಕಾದರೆ ಮಾನ ಹೋಗಬೇಕು. ಹೆಂಡತಿ ಅಡುಗೆಮನೆಯಲ್ಲಿ ರೇಡಿಯೋ ಸಣ್ಣಗೆ ಮಾಡಿ ಕಿವಿ ಇತ್ತಲೇ ಇಟ್ಟಿದ್ದಳು. ಮೇಸ್ತ್ರಿಗಳು ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟರು: "ದೇವರಾಣೆ ನಂಗೇನೂ ಗೊತ್ತಿಲ್ಲ ಸಾರ್. ಮನೇಲಿ ಒಂಚೂರು ಬೆಲೆ ಇರ್ಲಿ ಅಂತ ಗೊತ್ತಿರೋ ಹಾಗೆ ಇದ್ದೆ."

ಮ್ಯಾನೇಜರ್ ಕುರ್ಚಿಯಲ್ಲಿ ಕುಸಿದರು. "ಅಯ್ಯೋ ಮಹರಾಯ, ನಿನ್ನನ್ನೇ ನಂಬ್ಕೊಂಡು ಬಂದ್ನಲ್ಲೋ. ನಂಗೂ ಗೊತ್ತಿಲ್ಲ. ಮನೇಲಿ ಗೊತ್ತು ಅಂದ್ಬಿಟ್ಟಿದೀನಿ. ಒಂದು ವಾರದಿಂದ ನಮ್ಮತ್ತೆ ಕೂಡ ನಂಗೆ ಎದ್ದು ಕುರ್ಚಿ ಬಿಡ್ತಿದಾರೆ."

ಮೇಸ್ತ್ರಿಗಳೂ ಪಕ್ಕದಲ್ಲೇ ಕೂತರು. ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಈಗ ತಾನೇ ರೇಡಿಯೋದಲ್ಲಿ ಹೇಳಿದ್ರು, ಯಾರು ಗೆದ್ರು ಅಂತ."

"ಯಾರಂತೆ?" ಇಬ್ಬರೂ ಒಟ್ಟಿಗೇ ಎದ್ದು ನಿಂತರು.

ಆಕೆ ಗಂಡನನ್ನು ಒಮ್ಮೆ, ಮ್ಯಾನೇಜರನ್ನು ಒಮ್ಮೆ ನಿಧಾನವಾಗಿ ನೋಡಿದಳು.

"ಸಿಂಕಿನ ತುಂಬ ಪಾತ್ರೆ ಇದೆ. ಮೊದ್ಲು ಅದು ಆಗ್ಲಿ. ಹೇಳ್ಬೇಕೋ ಬೇಡ್ವೋ ಆಮೇಲೆ ನೋಡೋಣ."

ಮೊದಲು ಅಂಗಿಯ ತೋಳು ಮಡಚಿದವರು ಮ್ಯಾನೇಜರ್ ಸಾಹೇಬರು.