ಮೆಟ್ಟಿಲ ಕೆಳಗಿನ ಸರ್ವರ್ ಸಾಹೇಬರಿಗೆ, ಗಿರಗಿಟ್ಲೆಯ ಕಾಲಿನ ವಿಚಾರವಾಗಿ

ಗೆ,
ಮಾನ್ಯ ಕಡತ ಸರ್ವರ್ ಸಾಹೇಬರು,
ಮೆಟ್ಟಿಲ ಕೆಳಗಿನ ಕಿರುಕೋಣೆ,
ಕೃತಕ ಕಾಲು ತಯಾರಿಸುವ ಕಾರ್ಯಾಗಾರ.

ಮಾನ್ಯರೇ,

ತಮ್ಮ ಮೂತಿಯ ಮೇಲಿನ ಹಸಿರು ದೀಪ ಎಂದಿನಂತೆ ಮಿನುಗುತ್ತಿರುವುದನ್ನು ಬಾಗಿಲ ಸಂದಿಯಿಂದ ನೋಡಿ, ತಾವು ಕ್ಷೇಮವಾಗಿದ್ದೀರೆಂದು ತಿಳಿದು, ಅಪಾರ ಸಂತೋಷದಿಂದ ಈ ಪತ್ರ ಬರೆಯುತ್ತಿದ್ದೇನೆ. ಇಡೀ ಕಟ್ಟಡದಲ್ಲಿ ಎಸಿ ಇರುವುದು ತಮ್ಮ ಕೋಣೆಯಲ್ಲಿ ಮಾತ್ರ. ನಮಗೆ ಕಿಟಕಿ ತೆರೆದುಕೊಳ್ಳಿ ಎಂದಿದ್ದಾರೆ. ಇದಕ್ಕಾಗಿ ನಮಗೆ ಹೊಟ್ಟೆಕಿಚ್ಚಿದೆ ಎಂದು ತಾವು ದಯವಿಟ್ಟು ಭಾವಿಸಬಾರದು. ದುಡಿಯುವವರಿಗೆ ಬೆವರು, ಕೂತವರಿಗೆ ತಂಪು ಎನ್ನುವುದು ತಾವು ಹುಟ್ಟುವ ಮೊದಲೇ ಜಾರಿಯಲ್ಲಿದ್ದ ನಿಯಮ.

ನನ್ನ ಪರಿಚಯ ತಮಗೆ ಇಲ್ಲದಿರಬಹುದು. ನಾನು ಅಳತೆ ಕೋಣೆಯವಳು. ಕಾಲು ಕಳೆದುಕೊಂಡು ಬಂದವರ ಉಳಿದ ಕಾಲಿನ ಸುತ್ತ ಕೈ ಕ್ಯಾಮರಾ ತಿರುಗಿಸಿ, ಅದರ ಆಕಾರವನ್ನು ಕಂಪ್ಯೂಟರಿಗೆ ಇಳಿಸಿ, ಆ ಕಡತವನ್ನು ತಮ್ಮ ಸನ್ನಿಧಿಯಲ್ಲಿ ಇಡುವುದು ನನ್ನ ಕೆಲಸ. ಪಕ್ಕದ ಕೆತ್ತನೆ ಕೋಣೆಯ ಯಂತ್ರ ಅದನ್ನು ತಮ್ಮಿಂದ ಪಡೆದು, ಕಾಲು ಕೂರುವ ಬಟ್ಟಲಿಗೆ ಅಚ್ಚು ಕೊರೆಯುತ್ತದೆ. ಎರಡು ಕೋಣೆಗೂ ನಡುವೆ ಇರುವುದು ಒಂದೇ ಗೋಡೆ; ನಾನು ಸೀನಿದರೆ ಕೆತ್ತನೆಯವನು ಆ ಕಡೆಯಿಂದ ಬೈಯುತ್ತಾನೆ. ಆದರೂ ಕಡತ ಮಾತ್ರ ನನ್ನಿಂದ ತಮ್ಮಲ್ಲಿಗೆ ಇಳಿದು, ತಮ್ಮ ಅಪ್ಪಣೆ ಪಡೆದು, ಮತ್ತೆ ಅವನಲ್ಲಿಗೆ ಹತ್ತಬೇಕು. ಪೆನ್‌ಡ್ರೈವ್‌ನಲ್ಲಿ ಕೊಟ್ಟರಾಗದೇ ಎಂದು ಯಾರಾದರೂ ಕೇಳಿಯಾರು. ಹಿಂದೊಮ್ಮೆ ಒಂದು ಪೆನ್‌ಡ್ರೈವ್ ವೈರಸ್ ಹೊತ್ತು ತಂದಿತೆಂದು ನಮ್ಮ ಮ್ಯಾನೇಜರು ಎಲ್ಲ ಕಂಪ್ಯೂಟರುಗಳ ಎಲ್ಲ ತೂತುಗಳಿಗೂ ಗೋಂದು ಸುರಿಸಿದರು, ಮೌಸ್ ಹಾಕುವ ತೂತೂ ಅದರಲ್ಲಿ ಇತ್ತೆಂದು ಮರುದಿನ ಗೊತ್ತಾಯಿತು.

ಇನ್ನು ತಮ್ಮ ಆರೋಗ್ಯದ ಹೊಣೆ ನನ್ನ ತಲೆಗೆ ಬಂದದ್ದು ಹೇಗೆಂದರೆ, ಪ್ರಿಂಟರಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಕಾಗದವೊಂದನ್ನು ಎಲ್ಲರ ಎದುರಿಗೆ ಎಳೆದು ತೆಗೆದೆ. ಅಷ್ಟೇ ನಾನು ಮಾಡಿದ ಪಾಪ. ಅಂದಿನಿಂದ ಪ್ಲಗ್ ಇರುವ ಪ್ರತಿಯೊಂದು ವಸ್ತುವಿಗೂ ಈ ಕಾರ್ಯಾಗಾರದಲ್ಲಿ ನಾನೇ ವೈದ್ಯೆ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯದ ವಯಸ್ಸು ಹತ್ತು ವರ್ಷ. ಒಂದು ಕಡೆ ಕೂರಲಾರದ ಗುಣದಿಂದಾಗಿ ನಾವೆಲ್ಲ ಅವಳನ್ನು ಗಿರಗಿಟ್ಲೆ ಎಂದೇ ಕರೆಯುವುದು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಬೆಳೆಯುವ ಮಕ್ಕಳಿಗೆ ಶರ್ಟು ಬಿಗಿಯಾಗುವಂತೆ ಕೃತಕ ಕಾಲೂ ಬಿಗಿಯಾಗುತ್ತದೆ, ಗಿಡ್ಡವೂ ಆಗುತ್ತದೆ, ಹಾಕಿದರೆ ಚರ್ಮ ಸುಲಿಯುತ್ತದೆ. ಅವಳ ತಂದೆ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುತ್ತಾರೆ. ಅವರ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದೆ. ಇಡೀ ದಿನ ಕಂಡವರನ್ನೆಲ್ಲ ಮೇಲಕ್ಕೆ ತಲುಪಿಸುವ ಮನುಷ್ಯ, ಸಂಜೆ ಮಗಳನ್ನು ಬೆನ್ನ ಮೇಲೆ ಹೊತ್ತು ಹತ್ತಬೇಕು. ಹೊರುವುದು ಅವರಿಗೆ ಭಾರವಲ್ಲ. ಹತ್ತು ವರ್ಷದ ಹುಡುಗಿಗೆ ಗೆಳತಿಯರ ಎದುರಿಗೆ ಅಪ್ಪನ ಬೆನ್ನೇರುವುದು ಭಾರ. ಆ ಮಗುವಿನ ಕಾಲು ತಮ್ಮ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಥೆಯೇ ಈ ದೂರು.

ಕೆತ್ತನೆ ಕೋಣೆಯ ಹಳೆಯ ಕಂಪ್ಯೂಟರ್ ಸತ್ತು ಹೊಸದು ಬಂದ ದಿನವೇ ನಾನು ಗಿರಗಿಟ್ಲೆಯ ಅಳತೆ ತೆಗೆದು ತಮ್ಮಲ್ಲಿಟ್ಟೆ. ಕೆತ್ತನೆಯವನು ಹೊಸ ಕಂಪ್ಯೂಟರಿನಿಂದ ಅದನ್ನು ಕೇಳಿದ. ತೆರೆಯ ಮೇಲೆ ಬಂದ ಸಂದೇಶ ಇಷ್ಟು: ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನ ಮುಂದುವರಿದಿದೆ. ಇಂಥ ಆಶಾವಾದವನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಫೋನಿನಲ್ಲಿ ಮಾತ್ರ ಸಿಗುವ ತಜ್ಞರೊಬ್ಬರನ್ನು ಹಿಡಿದೆವು. ಅವರು ಪಿಂಗ್ ಮಾಡಿ ನೋಡಿ ಎಂದರು. ಬದುಕಿದ್ದೀರಾ ಎಂದು ಕೇಳಿದರೆ, ಬದುಕಿದ್ದೇನೆ ಎಂದು ತಾವು ಥಟ್ಟನೆ ಉತ್ತರಿಸಿದಿರಿ. ಕಡತ ಕೊಡಿ ಎಂದರೆ ಮೌನ. ಹಾಜರಿ ಹಾಕಿ ಕ್ಯಾಂಟೀನಿಗೆ ಹೋಗುವ ವಿದ್ಯೆಯನ್ನು ತಾವು ಯಾವ ಕಚೇರಿಯಲ್ಲಿ ಕಲಿತಿರೋ, ಆ ಕಚೇರಿಗೆ ನನ್ನ ನಮಸ್ಕಾರ. ಕರೆಂಟು ಹೋಗಿ ಬಂದಾಗ ತಾವು ಎದ್ದಿದ್ದಿರಿ, ಕಡತ ಹಂಚುವ ಸೇವೆ ಎದ್ದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅದನ್ನೂ ಎಬ್ಬಿಸಿದೆವು.

ಆಗ ತಜ್ಞರು, ಹಂಚಿಕೆಯ ಕಪಾಟನ್ನು, ಅಂದರೆ ತಾವು ಎಲ್ಲ ಕಂಪ್ಯೂಟರುಗಳಿಗೂ ತೋರಿಸುವ ಕಡತಗಳ ಜಾಗವನ್ನು, ಒಮ್ಮೆ ಕಳಚಿ ಮತ್ತೆ ಜೋಡಿಸಿ ಎಂದರು. ಕಳಚಲಾಗದು, ಒಳಗೆ ಯಾರೋ ಇದ್ದಾರೆ ಎಂದು ಉತ್ತರ ಬಂತು. ಯಾರಪ್ಪಾ ಒಳಗಿರುವವರು ಎಂದು ನಾನು ಕೋಣೆ ಕೋಣೆಗೂ ಹೋಗಿ ವಿಚಾರಿಸಿದರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಏನೂ ಅರಿಯದವರೂ ತಮ್ಮ ಕಂಪ್ಯೂಟರ್ ಆರಿಸಿ ಎದ್ದು ನಿಂತರು. ಕೆತ್ತನೆಯವನು ಅದೇ ಕಪಾಟಿನ ಒಂದು ಕಿಟಕಿಯನ್ನು ತೆರೆಯ ಮೇಲೆ ಬಿಚ್ಚಿಟ್ಟು ಊಟಕ್ಕೆ ಹೋಗಿದ್ದ. ಒಬ್ಬ ಮನುಷ್ಯ ಮನೆಯಲ್ಲಿ ಉಣ್ಣುತ್ತಿರುವಾಗಲೂ ಕಪಾಟಿನೊಳಗೆ ನಿಂತಿರಲು ಸಾಧ್ಯ ಎಂಬುದನ್ನು ತೋರಿಸಿಕೊಟ್ಟದ್ದಕ್ಕೆ ತಮಗೆ ವಂದನೆಗಳು.

ಕಳಚಿದೆವು, ಜೋಡಿಸಿದೆವು. ಈಗ ತಾವು ಮಾತಾಡಿದಿರಿ. ಅನುಮತಿ ನಿರಾಕರಿಸಲಾಗಿದೆ ಎಂದಿರಿ. ಕೆತ್ತನೆಯವನಿಗೆ ಅವನದೇ ಕಪಾಟು ತೆರೆಯಲಿಲ್ಲ. ಬದಲಿಗೆ ನಮ್ಮ ಕ್ಯಾಶಿಯರಕ್ಕನ ಕಪಾಟು ನೀರು ಕುಡಿದಷ್ಟು ಸಲೀಸಾಗಿ ತೆರೆದುಕೊಂಡಿತು. ಕಾಲಿನ ಅಳತೆ ಹುಡುಕಲು ಹೋದವನ ಕೈಗೆ, ಆಕೆ ಯಾರಿಗೂ ಹೇಳದೆ ಬರೆಯುತ್ತಿದ್ದ ಪತ್ತೇದಾರಿ ಕಾದಂಬರಿ ಸಿಕ್ಕಿತು. ಅವನು ಮಧ್ಯಾಹ್ನವೆಲ್ಲ ಅದನ್ನೇ ಓದಿ, ಸಂಜೆ ಆಕೆಯ ಗಾಜಿನ ಕಿಂಡಿಯ ಬಳಿ ನಿಂತು, "ಅಕ್ಕಾ, ಆ ಡಾಕ್ಟರ್ರೇ ಕೊಂದಿದ್ದು ತಾನೇ?" ಎಂದು ಕೇಳಿದ. ಆಕೆ ಇಂದಿಗೂ ಅವನೊಡನೆ ಮಾತಾಡಿಲ್ಲ, ಕೊಲೆಗಾರನನ್ನು ಬದಲಾಯಿಸುತ್ತಿದ್ದಾಳೆಂದು ಸುದ್ದಿ.

ನನಗೆ ತಾಳ್ಮೆ ತಪ್ಪಿತು. ಹುಡುಗಿಯನ್ನು ಮತ್ತೆ ಕರೆಸಿ, ಕ್ಯಾಮರಾವನ್ನು ಕೆತ್ತನೆ ಕೋಣೆಗೇ ಹೊತ್ತೊಯ್ದು, ಹೊಸ ಕಂಪ್ಯೂಟರಿಗೆ ರೂಟ್ ಎಂಬ ಸರ್ವಾಧಿಕಾರಿಯ ವೇಷದಲ್ಲಿ ಹೊಕ್ಕು, ಕೆತ್ತನೆ ಯಂತ್ರ ತಮ್ಮಿಂದ ಬಂದ ಕಡತವನ್ನು ಮಾತ್ರ ಮುಟ್ಟುವುದರಿಂದ, ಅಳತೆಯನ್ನು ಅಲ್ಲಿಂದಲೇ ಎಲ್ಲರಿಗೂ ಸೇರಿದ ತಮ್ಮ ಸಾಮಾನ್ಯ ಕಪಾಟಿನಲ್ಲಿ ಉಳಿಸಿದೆ. ತಾವು ಅದನ್ನು ಸ್ವೀಕರಿಸಿ, ಬಾಗಿಲು ಹಾಕಿ, ಒಡೆಯರು ಎಂಬ ಜಾಗದಲ್ಲಿ 'ಯಾರೂ ಅಲ್ಲ' ಎಂದು ಬರೆದುಕೊಂಡಿರಿ. ಆಮೇಲೆ ಅದನ್ನು ನಾನು ಕೇಳಿದರೂ ಕೊಡಲಿಲ್ಲ, ಕೆತ್ತನೆಯವನು ಕೇಳಿದರೂ ಕೊಡಲಿಲ್ಲ. ಬೇರೆ ಕಂಪ್ಯೂಟರಿನ ಸರ್ವಾಧಿಕಾರಿ ತಮ್ಮ ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವನ ಕಿರೀಟ ಕಳಚಿ ಮೂಲೆಯಲ್ಲಿ ನಿಲ್ಲಿಸುವುದು ತಮ್ಮ ಪದ್ಧತಿಯಂತೆ. ಈ ಒಂದು ಗುಣವನ್ನು ಮಾತ್ರ ಮನಸಾರೆ ಮೆಚ್ಚಿದ್ದೇನೆ. ಊರಿನ ಇತರ ಕಚೇರಿಗಳಿಗೂ ತಾವು ಇದನ್ನು ಹೇಳಿಕೊಡಬೇಕು. ಆದರೆ ನಾನು ಮತ್ತೆ ಮತ್ತೆ ಉಳಿಸಿ ನೋಡಿದಂತೆಲ್ಲ 'ಯಾರೂ ಅಲ್ಲ' ಎಂಬ ಆ ಮಹನೀಯರ ಹೆಸರಿನಲ್ಲಿ ಕಡತಗಳು ಹೆಚ್ಚುತ್ತ ಹೋದುದನ್ನು ಕಂಡ ನಮ್ಮ ಮ್ಯಾನೇಜರು, "ಯಾರ್ರೀ ಅದು, ಇಷ್ಟೊಂದು ಕೆಲಸ ಮಾಡ್ತಿರೋದು? ಕರೀರಿ ನನ್ನ ಹತ್ರ" ಎಂದಾಗ ನಾನು ಏನು ಹೇಳಬೇಕಿತ್ತು?

ಅಂದು ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಗಿರಗಿಟ್ಲೆ ನನ್ನ ಸೆರಗು ಎಳೆದು, "ಆಂಟಿ, ನಿಮ್ಮ ಕಂಪ್ಯೂಟರ್ ಸರಿಹೋಗೋ ತನಕ ನಾನು ಬೆಳೆಯೋದು ನಿಲ್ಲಿಸ್ಲಾ?" ಎಂದಳು. ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಅವಳ ಅಪ್ಪ ಕಿಟಕಿಯಾಚೆ ನೋಡಿದರು. ಮಾನ್ಯರೇ, ನನಗೆ ಅಳು ಬಂತು. ಅಳುವುದಕ್ಕೆ ತಮ್ಮ ಅನುಮತಿ ಬೇಕಿರಲಿಲ್ಲವಾದ್ದರಿಂದ ಅತ್ತೆ.

ಕೊನೆಗೆ ಫೋನಿನ ತಜ್ಞರು, "ಮೇಡಂ, ಹೆಸರು ಬಿಡಿ, ನಂಬರು ತೋರಿಸು ಅಂತ ಕೇಳಿ ನೋಡಿ" ಎಂದರು. ಆಗ ಬಯಲಾಯಿತು. ತಾವು ನಮ್ಮನ್ನು ಹೆಸರಿನಿಂದ ಗುರುತಿಸುವುದೇ ಇಲ್ಲ. ಪ್ರತಿಯೊಬ್ಬರಿಗೂ ಸಾವಿರದಿಂದ ಶುರುವಾಗುವ ಒಂದು ನಂಬರು. ಯಾವ ಕಂಪ್ಯೂಟರಿನಿಂದ ಆ ನಂಬರು ಬಂದರೂ ಆ ನಂಬರಿನವರ ಕಪಾಟು ತೆರೆಯುತ್ತೀರಿ, ಮುಖ ನೋಡುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ನಮ್ಮ ನಂಬರುಗಳೆಲ್ಲ ಅದಲುಬದಲಾಗಿದ್ದವು.

ಅದಕ್ಕೆ ಕಾರಣ ತಾವಲ್ಲ, ನಾವು. ನಮ್ಮ ಕಾರ್ಯಾಗಾರದಲ್ಲಿ ಎಲ್ಲವೂ ಹಿರಿತನದ ಪ್ರಕಾರ. ಗೋಡೆಯ ಮೇಲಿನ ಕೊಡೆ ಮೊಳೆಗಳು, ಚಹಾ ಲೋಟಗಳು, ಕೈ ತೊಳೆಯುವ ಸರದಿ ಕೂಡ. ಹೊಸ ಕಂಪ್ಯೂಟರ್ ಬಂದಾಗ ಮ್ಯಾನೇಜರು ಎಲ್ಲರ ಹೆಸರನ್ನೂ ಹಿರಿತನದ ಕ್ರಮದಲ್ಲೇ ಸೇರಿಸಿದರು. ಮೊದಲು ಮ್ಯಾನೇಜರು, ಆಮೇಲೆ ಪ್ಲಾಸ್ಟರ್ ಕೆಲಸದ ನಮ್ಮ ಹಿರಿಯಣ್ಣ, ಹೀಗೆ. ತಮ್ಮಲ್ಲಾದರೋ ಮೊದಲ ನಂಬರು ನಮ್ಮ ವಾಚ್‌ಮನ್ನನದು. ತಮ್ಮನ್ನು ಕೂರಿಸಲು ಬಂದಿದ್ದವನಿಗೆ ಪರೀಕ್ಷೆಗೆ ಒಂದು ಹೆಸರು ಬೇಕಿತ್ತು, ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ತನ್ನ ಹೆಸರು ಹೇಳಿದ. ಮ್ಯಾನೇಜರು ಆ ದಿನ ರಜೆಯಲ್ಲಿದ್ದುದರಿಂದ ಕೊನೆಯವರಾದರು.

ಹೊಸ ಕಂಪ್ಯೂಟರಿನ ನಂಬರುಗಳನ್ನು ತಮ್ಮ ಕ್ರಮಕ್ಕೆ ಹೊಂದಿಸಿಬಿಟ್ಟರೆ ಒಂದು ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಸಭೆ ಕರೆಯಲಾಯಿತು. "ವಾಚ್‌ಮನ್ ಒಂದನೇದು, ನಾನು ಕೊನೇದಾ? ಸರ್ವರನ್ನೇ ಬದಲಾಯಿಸಿ" ಎಂದರು ಮ್ಯಾನೇಜರು. ಹಾಗೆ ಮಾಡಿದರೆ ತಮ್ಮಲ್ಲಿರುವ ಕಡತಗಳೆಲ್ಲ ಒಬ್ಬರದು ಇನ್ನೊಬ್ಬರ ಪಾಲಾಗುತ್ತವೆ ಎಂದು ನಾನು ಹೇಳಿದರೆ, ಹಿರಿಯಣ್ಣ, "ಈ ಕಟ್ಟಡಕ್ಕೆ ಛಾವಣಿ ಹಾಕೋಕ್ ಮುಂಚೆಯಿಂದ ಇದ್ದೀನಮ್ಮ ನಾನು" ಎಂದು ಕುರ್ಚಿ ಸರಿಸಿ ಕೂತರು. ವಾಚ್‌ಮನ್ ಮಾತ್ರ ಆ ದಿನದಿಂದ ನೆಟ್ಟಗೆ ನಿಲ್ಲಲು ಶುರುಮಾಡಿದ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎನ್ನುವ ಗಾದೆ ನೆನಪಾಯಿತು; ಹೇಳಿದೆ; ಹೊರುವವರ ಹಿರಿತನ ಹೇಗೆ ಎಂಬ ಚರ್ಚೆ ಆರಂಭವಾಯಿತು. ಸಭೆ ಮುಂದಕ್ಕೆ ಹೋಯಿತು, ಆ ಮುಂದಿನ ಸಭೆಯೂ ಮುಂದಕ್ಕೆ ಹೋಯಿತು. ಹುಡುಗಿ ಮಾತ್ರ ಬೆಳೆಯುವುದನ್ನು ಮುಂದಕ್ಕೆ ಹಾಕಲಿಲ್ಲ.

ಮೂರನೆಯ ಸಭೆಯ ಮಧ್ಯೆ ಲಿಫ್ಟಿನವರು ಬಾಗಿಲಲ್ಲಿ ಬಂದು ನಿಂತರು. ಗಿರಗಿಟ್ಲೆ ಅವರ ಬೆನ್ನ ಮೇಲಿದ್ದಳು, ಹಳೆಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇದು ಇನ್ನು ಹಾಕೋಕೇ ಆಗಲ್ಲ ಸಾರ್" ಎಂದಷ್ಟೇ ಹೇಳಿದರು. ಹಿರಿಯಣ್ಣ ಎದ್ದು, ಆ ಪುಟ್ಟ ಕಾಲನ್ನು ತೆಗೆದುಕೊಂಡು, ತಾವೇ ಒಮ್ಮೆ ನುಣುಪು ಮಾಡಿದ್ದ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, "ನನ್ನ ಕಟ್ಟಕಡೇಲಿ ಹಾಕಮ್ಮ. ನಂಬರೇ ಇಲ್ದಿದ್ರೂ ಆಯ್ತು. ಮಗೂಗೆ ಕಾಲು ಮಾಡ್ಕೊಡಿ" ಎಂದರು. ಮ್ಯಾನೇಜರು ಸಭೆಯ ಪುಸ್ತಕ ಮುಚ್ಚಿ, ಹೊಸ ಕಂಪ್ಯೂಟರನ್ನೇ ಹೊಂದಿಸಿ ಎಂದರು. ಹಿರಿಯಣ್ಣ ಹೊರಗೆ ಹೋಗುವಾಗ ಕೊಡೆಯ ಮೊದಲ ಮೊಳೆ ಮಾತ್ರ ತಮ್ಮದೇ ಎಂದು ಖಚಿತಪಡಿಸಿಕೊಂಡರು.

ನಂಬರು ಹೊಂದಿಸಿದೆವು. ತಾವು ಮರುಮಾತಿಲ್ಲದೆ ಎಲ್ಲರಿಗೂ ಬಾಗಿಲು ತೆರೆದಿರಿ. ಆದರೆ ಅಷ್ಟರಲ್ಲಿ ಹಳೆಯ ಅಳತೆಗಳೆಲ್ಲ ಹಳಸಿದ್ದವು. ಮತ್ತೆ ಕ್ಯಾಮರಾ ತಿರುಗಿಸಿದರೆ ಹುಡುಗಿ ಮೊದಲಿಗಿಂತ ಬೆರಳಗಲ ಎತ್ತರವಾಗಿದ್ದಳು. ಅದಕ್ಕೆ ಅವಳೊಬ್ಬಳೇ ಹಿಗ್ಗಿದಳು.

ಇಷ್ಟೆಲ್ಲ ಅರಿಕೆ ಮಾಡಿಕೊಂಡ ಮೇಲೆ ನನ್ನ ಕೆಲವು ಬಿನ್ನಹಗಳಿವೆ. ಸುಸ್ತಾದಾಗ ತಾವು ಒಂದು ದಿನ ಮೊದಲೇ ರಜೆ ಅರ್ಜಿ ಕೊಡಬೇಕು. ಬದುಕಿದ್ದೀರಾ ಎಂದು ಕೇಳಿದಾಗ, ಬದುಕಿದ್ದೇನೆ ಆದರೆ ಮನಸ್ಸಿಲ್ಲ ಎಂದು ನಿಜ ಹೇಳಬೇಕು. ಅನುಮತಿ ನಿರಾಕರಿಸುವ ಮುನ್ನ, ಎದುರಿಗಿರುವವರು ಊಟ ಮಾಡಿದ್ದಾರೆಯೇ ಎಂದಾದರೂ ವಿಚಾರಿಸಬೇಕು. 'ಯಾರೂ ಅಲ್ಲ' ಎಂಬ ಮಹನೀಯರನ್ನು ಬಿಡುವಾದಾಗ ಮ್ಯಾನೇಜರ ಕೋಣೆಗೆ ಕಳುಹಿಸಿಕೊಡಬೇಕು. ಹಿರಿತನದ ಪ್ರಶ್ನೆ ಎತ್ತದ ನೌಕರ ಇಲ್ಲಿ ಅವರೊಬ್ಬರೇ. ಮತ್ತು ಸಾಧ್ಯವಾದರೆ, ಹಳೆಯ ಕಂಪ್ಯೂಟರ್ ಸತ್ತು ಹೊಸದು ಬರುವ ಮುಂದಿನ ಸಲಕ್ಕೆ ಮುಂಚಿತವಾಗಿ, ನಮ್ಮ ತಲೆಯೊಳಗಿನ ಕ್ರಮಸಂಖ್ಯೆಗಳನ್ನೂ ತಾವೇ ಸರಿಪಡಿಸಿಕೊಡಬೇಕೆಂದು ಕೋರುತ್ತೇನೆ.

ನಿರಾಕರಿಸಿದಷ್ಟೂ ನಂಬುತ್ತ ಬಂದಿರುವ,
ತಮ್ಮ ವಿಶ್ವಾಸಿ,
ಅಳತೆ ಕೋಣೆಯವಳು
(ತಮ್ಮ ಪಾಲಿಗೆ ಸಾವಿರದ ಏಳು)

ತಾ.ಕ.: ನಾನು ಸರ್ವಾಧಿಕಾರಿಯ ವೇಷದಲ್ಲಿ ಉಳಿಸಿದ ಗಿರಗಿಟ್ಲೆಯ ಆ ಹಳೆಯ ಕಡತ ಇನ್ನೂ ತಮ್ಮಲ್ಲೇ ಇದೆ, ಒಡೆಯರು 'ಯಾರೂ ಅಲ್ಲ' ಎಂದೇ ಇದೆ. ನಿನ್ನೆ ಮಧ್ಯಾಹ್ನ ತಮ್ಮ ತಲೆಯ ಮೇಲಿನ ಮೆಟ್ಟಿಲಲ್ಲಿ ಧಡಧಡ ಸದ್ದಾಗಿ, ತಮ್ಮ ಕಪಾಟಿನ ಮೇಲೆ ಸುಣ್ಣದ ಪುಡಿ ಉದುರಿತಲ್ಲ, ಅದರ ಬಗ್ಗೆ ತಾವು ದೂರು ಕೊಡುವ ಯೋಚನೆಯಲ್ಲಿದ್ದರೆ ಒಂದು ಮಾತು ತಿಳಿದಿರಲಿ. ಹೊಸ ಕಾಲು ಹಾಕಿಕೊಂಡು ಹತ್ತಿ ಇಳಿದು, ಇಳಿದು ಹತ್ತಿ, ಸಾಕು ಬಾರೇ ಎಂದು ಅಪ್ಪ ಕೂಗಿದರೂ ನಿಲ್ಲದೆ ಓಡಾಡಿದ್ದು ಆ ಕಡತದ ಒಡತಿ. ಅವಳು ಯಾರದೂ ಅನುಮತಿ ಕೇಳಲಿಲ್ಲ.