ಹುಂಚದಾಚೆಯ ಸ್ಟಾಪು

ಹೊಸನಗರದ ಬಸ್‌ಸ್ಟ್ಯಾಂಡಿನೆದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಕಿರಣನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಕಾರಣ, ‘ಘಾಟಿ ಬಸ್’ ಎಂಬ ಮೊಬೈಲ್ ಗೇಮು. ಅದನ್ನು ಕೇಳುವವರೇ ಇಲ್ಲದ ಕಾಲದಲ್ಲಿ, ಅದರ ಮೊದಲ ಅಪ್‌ಡೇಟಿಗೆ ಹೊಸನಗರ–ತೀರ್ಥಹಳ್ಳಿ ದಾರಿಯನ್ನು ಕೊಟ್ಟವನು ಇವನೇ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ವಿಡಿಯೋ ತೆಗೆದು ಕಳಿಸಿದ್ದ. ಅದನ್ನು ನೋಡಿ ಗೇಮಿನವರು ತಿರುವು, ಮೋರಿ, ರಸ್ತೆಬದಿಯ ಮಣ್ಣಿನ ದರೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಇಳಿಸಿದ್ದರು. ಆಗ ಗೇಮಿಗೆ ಸದ್ದೇ ಇರಲಿಲ್ಲ, ಬಸ್ಸು ಮೂಕನಂತೆ ಓಡುತ್ತಿತ್ತು. ಆದರೂ ಆ ಅಪ್‌ಡೇಟಿನಿಂದಲೇ ಗೇಮು ಮನೆಮಾತಾಯಿತು.

ಈಗ ಅದನ್ನು ನೆನೆಯುವ ಕಾರ್ಯಕ್ರಮ. ಗೇಮಿನ ತಂಡದ ಗಾನವಿ ಕ್ಯಾಮೆರಾ ಹಿಡಿದು ಊರಿಗೇ ಬಂದಿದ್ದಳು. ಅದೇ ಬಸ್ಸು, ಅದೇ ದಾರಿ, ಅದೇ ಸೀಟಿನಲ್ಲಿ ಕಿರಣ. ಎಲ್ಲವೂ ನೇರಪ್ರಸಾರ.

ತೊಡಕು ಒಂದೇ ಇತ್ತು. ಗೇಮಿನಲ್ಲಿ ಹುಂಚ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸನ್ನು ನಿಲ್ಲಿಸಲೇಬೇಕು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಯಾಕೆ ನಿಲ್ಲಬೇಕೆಂದು ಆಡುವವರೆಲ್ಲ ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದರು. ನಮ್ಮ ಕಡೆ ಕೈ ಅಡ್ಡ ಹಿಡಿದಲ್ಲೆಲ್ಲ ಬಸ್ಸು ನಿಲ್ಲುವುದರಿಂದ, “ವಿಡಿಯೋದಲ್ಲಿ ಎಲ್ಲೆಲ್ಲಿ ನಿಂತಿದೆಯೋ ಅದೆಲ್ಲ ಸ್ಟಾಪೇ” ಎಂದು ಕಿರಣ ಗೇಮಿನವರಿಗೆ ಬರೆದುಬಿಟ್ಟಿದ್ದ. ಆ ತಿರುವಿನಲ್ಲಿ ಬಸ್ಸು ನಿಂತದ್ದು ಮಾತ್ರ ಕಿರಣ ವಾಂತಿ ಮಾಡಿಕೊಂಡದ್ದಕ್ಕೆ.

ಅವತ್ತಿನ ಡ್ರೈವರ್ ರಿಟೈರಾಗಿ ಹೋಗಿದ್ದರಿಂದ, ಇದು ಗೊತ್ತಿದ್ದವನು ಈಗ ಕಂಡಕ್ಟರ್ ಮಂಜುನಾಥಪ್ಪ ಒಬ್ಬನೇ. ಬೆಳಗ್ಗೆಯೇ ಕಿರಣ ಅವನ ಕೈ ಹಿಡಿದುಕೊಂಡ.

“ಮಂಜಣ್ಣ, ನನ್ನ ಮರ್ಯಾದೆ ನಿಮ್ಮ ಕೈಲಿದೆ. ಬಾಯಿ ಬಿಡ್ಬೇಡಿ ಮಾರಾಯ್ರೆ.”

“ನಾನ್ಯಾಕೆ ಬಿಡ್ಲಿ? ನನ್ನ ಫೋನಿನ ಗ್ಲಾಸ್ ಒಡೆದಿದೆ, ಅದನ್ನೊಂದು ನೋಡು.”

ಕಿರಣ ಹೊಸ ಗ್ಲಾಸ್ ಹಾಕಿದ. ಮಂಜುನಾಥಪ್ಪ ಹೆಂಡತಿಯ ಫೋನನ್ನೂ ಜೇಬಿನಿಂದ ತೆಗೆದ. ಅದಕ್ಕೂ ಹಾಕಿದ.

ಬಸ್ಸು ಹೊರಟಾಗ ಟಿವಿಯಲ್ಲಿ ಬರುತ್ತೇವೆಂದು ನಂಬಿದ ಅರ್ಧ ಕೇರಿ ಒಳಗಿತ್ತು. ಕಿರಣನ ಅಮ್ಮ ಕೆರಿಯಮ್ಮ, ಸಿಗಂದೂರಿನ ದೇವಸ್ಥಾನಕ್ಕೆ ಹೋಗುವಾಗ ಮಾತ್ರ ಉಡುವ ಸೀರೆ ಉಟ್ಟು, ಹತ್ತಿದವರಿಗೆಲ್ಲ “ಈ ದಾರಿ ಮಾಡಿದ್ದು ನನ್ನ ಮಗ” ಎನ್ನುತ್ತಿದ್ದಳು. “ರಸ್ತೆ ಮಾಡಿದ್ದು ಸರ್ಕಾರ ಅಲ್ದಾ ಅಕ್ಕ?” ಎಂದವರನ್ನು ಆಕೆ ಕಣ್ಣಿನಲ್ಲೇ ಸುಟ್ಟಳು. ಕಿರಣ ಹಲ್ಲಿನ ನಡುವೆ ನಿಂಬೆಹಣ್ಣಿನ ಹೋಳು ಕಚ್ಚಿಕೊಂಡು ನಗುತ್ತಿದ್ದ.

ತಿರುವು ಬಂತು. ಬಸ್ಸು ನಿಂತಿತು. ಎಲ್ಲರೂ ಇಳಿದರು.

“ಸರ್, ಇಷ್ಟು ವರ್ಷದ ಗುಟ್ಟು ಈಗ ಹೇಳ್ಬೇಕು. ಇಲ್ಲಿ ಬಸ್ಸು ಯಾಕೆ ನಿಲ್ಲತ್ತೆ?” ಎಂದಳು ಗಾನವಿ.

ಕಿರಣನ ಬಾಯಿಗೆ ಸಿಕ್ಕಿದ್ದು ಬಂತು. “ಚೌಡಿ... ಇಲ್ಲಿ ಚೌಡಮ್ಮ ಇದಾಳೆ. ಕೈ ಮುಗಿದೇ ಮುಂದೆ ಹೋಗ್ಬೇಕು.”

ಡ್ರೈವರ್ ಮಾಸ್ತಪ್ಪನ ಮುಖ ಬಿಳಿಚಿಕೊಂಡಿತು. “ಅಯ್ಯೋ ತಾಯಿ! ಇಷ್ಟು ವರ್ಷ ಹಾರನ್ನೂ ಹೊಡೀದೆ ಹೋಗ್ತಿದ್ನಲ್ಲೋ! ಮೊನ್ನೆ ಟೈರ್ ಸಿಡಿದಿದ್ದು ಸುಮ್ನೆ ಅಲ್ಲ!” ಎಂದು ಚಪ್ಪಲಿ ಬಿಚ್ಚಿದ. “ಚೌಡಿ ಕಲ್ಲೆಲ್ಲಿ?”

ಕಿರಣ ಪೊದೆಯಲ್ಲಿ ಪಾಚಿಗಟ್ಟಿದ್ದ ಕಲ್ಲೊಂದನ್ನು ತೋರಿಸಿದ. ಹೆಂಗಸರು ಮುಡಿದ ಹೂವು ತೆಗೆದಿಟ್ಟರು. ತೀರ್ಥಹಳ್ಳಿಯ ಮಗಳ ಮನೆಗೆಂದು ಒಯ್ಯುತ್ತಿದ್ದ ತೆಂಗಿನಕಾಯಿಯನ್ನು ಕೆರಿಯಮ್ಮ ಅಲ್ಲೇ ಒಡೆದಳು. ಮಾಸ್ತಪ್ಪ ಭಕ್ತಿಯಿಂದ ಪಾಚಿ ಒರೆಸಿದಾಗ ‘ತೀರ್ಥಹಳ್ಳಿ’ ಎಂಬ ಅಕ್ಷರಗಳು ಮೂಡಿದವು. ಅದು ಹಳೆಯ ಮೈಲಿಗಲ್ಲು.

“ಮೈಲಿಗಲ್ಲಲ್ಲಿ ಇರ್ಬಾರ್ದು ಅಂತ ತಾಯಿಗೆ ಏನಾದ್ರೂ ಇದೆಯಾ?” ಎಂದು ಮಾಸ್ತಪ್ಪ ಅಡ್ಡಬಿದ್ದ. ಮಂಜುನಾಥಪ್ಪ ಟಿಕೆಟ್ ಮೆಷಿನ್ನಿನಿಂದ ಮುಖ ಮುಚ್ಚಿಕೊಂಡಿದ್ದ. ಅವನ ಭುಜ ಮಾತ್ರ ಕುಲುಕುತ್ತಿತ್ತು.

ಗೆದ್ದೆ ಎನಿಸಿತು ಕಿರಣನಿಗೆ. ತನ್ನ ಗೇಮು, ತನ್ನ ದಾರಿ, ಈಗ ತನ್ನದೇ ಒಂದು ದೇವರು.

ಗಾನವಿ ಕಣ್ಣೊರೆಸಿಕೊಂಡಳು. “ಸರ್, ನಿಮಗೊಂದು ಉಡುಗೊರೆ. ಆ ಹಳೇ ಅಪ್‌ಡೇಟನ್ನ ಇವತ್ತು ಮತ್ತೆ ಬಿಡ್ತಿದೀವಿ. ಈ ಸಲ ಸದ್ದಿನ ಜೊತೆ. ನೀವು ಅವತ್ತು ಕಳಿಸಿದ ವಿಡಿಯೋದ ಸದ್ದನ್ನೇ ಪೂರ್ತಿ ಹಾಕಿದೀವಿ. ನಾನೂ ಇನ್ನೂ ಕೇಳಿಲ್ಲ. ಈ ಜಾಗದಲ್ಲೇ ಎಲ್ಲರೂ ಕೇಳೋಣ.”

ಕಿರಣ ಬೇಡ ಎನ್ನುವಷ್ಟರಲ್ಲಿ ಅವಳ ಸ್ಪೀಕರಿನಿಂದ ಇಂಜಿನ್ ಗುರುಗುಟ್ಟಿತು. ಹಾರನ್. ಬ್ರೇಕು. ಆಮೇಲೆ ಕಿರಣನ ಎಳೆಯ ದನಿ: “ಮಂಜಣ್ಣಾ, ನಿಲ್ಸೀ! ತಡ್ಕೊಳ್ಳಕ್ಕಾಗಲ್ಲ!” ಅದರ ಹಿಂದೆಯೇ ಬಂದ ಸದ್ದನ್ನು ವರ್ಣಿಸುವ ಅಗತ್ಯವಿಲ್ಲ. ಅದು ಬಹಳ ಹೊತ್ತು ಬಂತು. ಕೊನೆಗೆ ಮಂಜುನಾಥಪ್ಪ: “ತಲೆ ಹೊರಗೆ ಹಾಕೋ ಮಾರಾಯ! ಬೆಳಗ್ಗೆ ಎಷ್ಟು ಕಡುಬು ತಿಂದಿದೀಯ?”

ಮಾಸ್ತಪ್ಪ ಮೈಲಿಗಲ್ಲನ್ನೂ, ಕಿರಣನನ್ನೂ, ತನ್ನ ಬರಿಗಾಲನ್ನೂ ಸರದಿಯಂತೆ ನೋಡಿದ. ಕ್ಯಾಮೆರಾ ಓಡುತ್ತಲೇ ಇತ್ತು.

“ನಾನಂತೂ ಬಾಯಿ ಬಿಡ್ಲಿಲ್ಲಪ್ಪ,” ಎಂದ ಮಂಜುನಾಥಪ್ಪ, ಹೊಸ ಗ್ಲಾಸನ್ನು ಅಂಗಿಗೆ ಒರೆಸುತ್ತ.

ಆಗ ಕೆರಿಯಮ್ಮ ಸೆರಗು ಸರಿಮಾಡಿಕೊಂಡು, ಎಲ್ಲರನ್ನೂ ದಾಟಿ ಕ್ಯಾಮೆರಾದ ಮುಂದೆ ಬಂದು ನಿಂತಳು. ಆಕೆಯ ಕಣ್ಣು ತುಂಬಿತ್ತು.

“ಕೇಳಿದ್ರಾ? ಅದು ನನ್ನ ಮಗಂದೇ ದನಿ! ತಂಗೀ, ಇನ್ನೊಂದ್ಸಲ ಹಾಕವ್ವ. ತೀರ್ಥಹಳ್ಳಿಲಿ ಅವನಕ್ಕನೂ ನೋಡ್ತಾ ಇರ್ತಾಳೆ.”